ಸಿಸ್ಟಮ್ ರಿಸ್ಟೋರ್ ಅರ್ಧಕ್ಕೇ ಕೈಕೊಡುತ್ತಿದೆ, 80070005 ದೋಷ: ಫಾರ್ಮ್ಯಾಟ್ ಬಿಟ್ಟು ಬೇರೆ ದಾರಿ ಇದೆಯೇ?

ಮೂಡಿಗೆರೆ ಲೆಕ್ಕದಾಕೆ:
ಸಣ್ಣ ಕಾಫಿ ಬೆಳೆಗಾರರಿಗೆ ಲೆಕ್ಕ ಬರೆದುಕೊಡುವುದು ನನ್ನ ಕೆಲಸ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇದೆ. ಹೊಸ ಪ್ರಿಂಟರಿಗೆ ಡ್ರೈವರ್ ಹಾಕಿದ ದಿನದಿಂದ, ಪ್ರಿಂಟ್ ಕೊಟ್ಟ ತಕ್ಷಣ ಪರದೆ ಕಪ್ಪಾಗಿ, ಒಂದೆರಡು ಸಾಲು ದೋಷ ತೋರಿಸಿ, ಯಂತ್ರ ತಾನಾಗಿಯೇ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಪ್ರಿಂಟರನ್ನು ಸೆಟ್ಟಿಂಗ್ಸ್‌ನಿಂದ ತೆಗೆದರೂ ಅದೇ ಕಥೆ. ಯಂತ್ರವನ್ನು ಹಿಂದಿನ ದಿನದ ಸ್ಥಿತಿಗೆ ಒಯ್ಯುವ ಸಿಸ್ಟಮ್ ರಿಸ್ಟೋರ್ ತೆರೆದರೆ, ಡ್ರೈವರ್ ಹಾಕುವುದಕ್ಕೆ ಮುಂಚಿನ ದಿನಾಂಕದ ರಿಸ್ಟೋರ್ ಪಾಯಿಂಟ್ ಪಟ್ಟಿಯಲ್ಲಿ ಕಾಣುತ್ತಿದೆ. ಅದನ್ನು ಆರಿಸಿದರೆ ಬಹಳ ಹೊತ್ತು ಸುತ್ತಿ, ಕೊನೆಗೆ ರಿಸ್ಟೋರ್ ಯಶಸ್ವಿಯಾಗಲಿಲ್ಲ, ಸಿಸ್ಟಮ್ ಕಡತಗಳು ಬದಲಾಗಿಲ್ಲ ಎನ್ನುತ್ತದೆ. ಕೆಳಗೆ 80070005 ಎಂದು ಕೊನೆಯಾಗುವ ಸಂಖ್ಯೆ.

ಅರೇಬಿಕಾ ಕೊಯ್ಲು ನಡೆಯುತ್ತಿದೆ. ವಾರ ವಾರ ಬಟವಾಡೆ ಪಟ್ಟಿ ಮುದ್ರಿಸಿ ಕೊಡದಿದ್ದರೆ ತೋಟದವರು ನನ್ನನ್ನು ಬಿಡುವುದಿಲ್ಲ. ಅಂಗಡಿಯಲ್ಲಿ ತೋರಿಸಿದರೆ ಯಂತ್ರ ತೆರೆಯುವ ಮೊದಲೇ ಫಾರ್ಮ್ಯಾಟ್ ಎಂದರು. ಲೆಕ್ಕದ ಟ್ಯಾಲಿ, ಕನ್ನಡ ಬೆರಳಚ್ಚಿನ ನುಡಿ ಎಲ್ಲವನ್ನೂ ಮತ್ತೆ ಹಾಕಿಕೊಂಡು ಕೂರುವಷ್ಟು ಪುರಸೊತ್ತು ಈಗ ಇಲ್ಲ. ಯಾರಾದರೂ ದಾರಿ ತೋರಿಸಿ.

ಅರಸೀಕೆರೆ ಕೊಬ್ಬರಿ:
ಅಂಗಡಿಯವರು ಹೇಳಿದ್ದೇ ಸರಿ ಮೇಡಂ. ಬೆಳಿಗ್ಗೆ ಕೊಟ್ಟರೆ ಸಂಜೆಗೆ ಹೊಸದರಂತೆ ಕೈಗೆ ಬರುತ್ತದೆ. ಈ ಸಿಸ್ಟಮ್ ರಿಸ್ಟೋರ್ ಎಂಬುದು ಎಕ್ಸ್‌ಪಿ ಕಾಲದಿಂದಲೂ ಇದ್ದೂ ಇಲ್ಲದಂತೆಯೇ. ನನಗಂತೂ ಒಮ್ಮೆಯೂ ಕೆಲಸಕ್ಕೆ ಬಂದಿಲ್ಲ.

ಸಕಲೇಶಪುರ ಘಾಟಿ:
ರಿಕವರಿ ಮೋಡ್‌ಗೆ ಹೋಗಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಬೂಟ್‌ರೆಕ್ ಫಿಕ್ಸ್‌ಎಂಬಿಆರ್, ಆಮೇಲೆ ಫಿಕ್ಸ್‌ಬೂಟ್, ಆಮೇಲೆ ರೀಬಿಲ್ಡ್‌ಬಿಸಿಡಿ. ಮೂರನ್ನೂ ಒಂದರ ಹಿಂದೆ ಒಂದು ಕೊಟ್ಟರೆ ಮುಗಿಯಿತು. ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲದಕ್ಕೂ ಇದೇ ಮದ್ದು.

ಹಾಸನ ಸರ್ವಿಸ್ ಬೆಂಚ್:
ಘಾಟಿಯವರೇ, ಸ್ವಲ್ಪ ತಡೆಯಿರಿ. ಮೇಡಂ ಅವರ ಯಂತ್ರ ಚೆನ್ನಾಗಿಯೇ ಬೂಟ್ ಆಗುತ್ತಿದೆ, ಅಂದರೆ ಏಳುತ್ತಿದೆ. ಬೂಟ್ ಆಗುವ ಯಂತ್ರದ ಬೂಟ್ ದಾಖಲೆಯನ್ನು ಕೆದಕಿದರೆ ಇಲ್ಲದ ಕಾಯಿಲೆಯನ್ನು ಕರೆದು ತಂದಂತೆ. ಅಲ್ಲದೆ ಫಿಕ್ಸ್‌ಎಂಬಿಆರ್ ಇರುವುದು ಹಳೆಯ ಬಯೋಸ್ ಬಗೆಯ ಡಿಸ್ಕ್‌ಗಳಿಗೆ. ಈಗಿನ ಯುಇಎಫ್‌ಐ ಬಗೆಯ ಯಂತ್ರದಲ್ಲಿ ಅದರಿಂದ ಪ್ರಯೋಜನವಿಲ್ಲ, ಫಿಕ್ಸ್‌ಬೂಟ್ ಅಂತೂ ಎಷ್ಟೋ ಕಡೆ ಅನುಮತಿ ಇಲ್ಲ ಎಂದು ಹೇಳಿ ನಿಲ್ಲುತ್ತದೆ.

ಕೊಬ್ಬರಿಯವರೇ, ರಿಸ್ಟೋರ್ ಎಕ್ಸ್‌ಪಿಗಿಂತಲೂ ಹಳೆಯದು. 2000ದಲ್ಲಿ ಬಂದ ವಿಂಡೋಸ್ ಎಂಇಯಲ್ಲೇ ಇತ್ತು. ಆದರೆ ವಿಸ್ತಾ ಬಂದಾಗ ಅದರ ಒಳಗಿನ ಯಂತ್ರಾಂಗವೇ ಬದಲಾಯಿತು. ಆಗಿನಿಂದ ಅದು ವಾಲ್ಯೂಮ್ ಶ್ಯಾಡೋ ಕಾಪಿ ಎಂಬ ಸೇವೆಯನ್ನು ನಂಬಿಕೊಂಡಿದೆ. ಡಿಸ್ಕ್‌ನ ಒಂದು ಹೊತ್ತಿನ ಸ್ಥಿತಿಯನ್ನು ಆ ಸೇವೆ ಹಿಡಿದಿಡುತ್ತದೆ, ರಿಸ್ಟೋರ್ ಅದರೊಳಗಿನಿಂದ ರಿಜಿಸ್ಟ್ರಿ (ವಿಂಡೋಸ್‌ನ ಸೆಟ್ಟಿಂಗ್‌ಗಳ ದಾಖಲೆ), ಡ್ರೈವರ್, ಸಿಸ್ಟಮ್ ಕಡತಗಳನ್ನು ಹೊರತೆಗೆದು ಹಿಂದಕ್ಕೆ ಇಡುತ್ತದೆ. ನಿಮಗೆ ಒಮ್ಮೆಯೂ ಕೆಲಸಕ್ಕೆ ಬರದಿದ್ದಕ್ಕೆ ಬಹುಶಃ ಅದು ಆನ್ ಆಗಿಯೇ ಇರಲಿಲ್ಲ ಎಂಬುದೇ ಕಾರಣ. ವಿಂಡೋಸ್ 10 ಬಂದಾಗಿನಿಂದ ಎಷ್ಟೋ ಯಂತ್ರಗಳಲ್ಲಿ ರಿಸ್ಟೋರ್ ಪಾಯಿಂಟ್ ಮಾಡಿಡುವ ಸಿಸ್ಟಮ್ ಪ್ರೊಟೆಕ್ಷನ್ ಮೊದಲಿನಿಂದಲೇ ಆಫ್ ಇರುತ್ತದೆ.

ಮೇಡಂ, 80070005 ಎಂದರೆ ಅನುಮತಿ ನಿರಾಕರಣೆ. ರಿಸ್ಟೋರ್ ಯಾವುದೋ ಒಂದು ಕಡತವನ್ನು ಬದಲಿಸಲು ಹೋದಾಗ ಇನ್ಯಾರೋ ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದಾರೆ. ಹತ್ತರಲ್ಲಿ ಎಂಟು ಸಲ ಆ ‘ಇನ್ಯಾರೋ’ ಆಂಟಿವೈರಸ್. ಮೂರು ವಿಷಯ ತಿಳಿಸಿ: ಯಂತ್ರದಲ್ಲಿ ಯಾವ ಯಾವ ಆಂಟಿವೈರಸ್ ಇದೆ, ಸಿ ಡ್ರೈವ್‌ನಲ್ಲಿ ಎಷ್ಟು ಜಾಗ ಖಾಲಿ ಇದೆ, ಪ್ರಿಂಟರ್ ತೆಗೆದಾಗ ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನೂ ತೆಗೆದಿರೋ ಅಥವಾ ಪ್ರಿಂಟರ್ ಹೆಸರನ್ನು ಮಾತ್ರವೋ?

ಮೂಡಿಗೆರೆ ಲೆಕ್ಕದಾಕೆ:
ಲ್ಯಾಪ್‌ಟಾಪ್ ಜೊತೆಗೇ ಬಂದ ಒಂದು ಆಂಟಿವೈರಸ್ ಇದೆ, ಅವಧಿ ಮುಗಿದಿದೆ ಎಂದು ದಿನವೂ ಮುಖಕ್ಕೆ ಬರುತ್ತದೆ. ಅಂಗಡಿಯಲ್ಲಿ ಹಾಕಿಸಿದ ಇನ್ನೊಂದು ಇದೆ. ಸಿ ಡ್ರೈವ್‌ನಲ್ಲಿ ಬೇಕಾದಷ್ಟು ಜಾಗ ಇದೆ. ಡ್ರೈವರ್ ಬೇರೆ, ಪ್ರಿಂಟರ್ ಬೇರೆ ಎಂದು ಯಾರೂ ಹೇಳಿರಲಿಲ್ಲ ಸರ್.

ಹಾಸನ ಸರ್ವಿಸ್ ಬೆಂಚ್:
ಒಂದು ಬಾಗಿಲಿಗೆ ಇಬ್ಬರು ಕಾವಲುಗಾರರು, ಅವರಲ್ಲಿ ಒಬ್ಬನ ಸಂಬಳ ನಿಂತುಹೋಗಿದೆ. ಅವಧಿ ಮುಗಿದ ಆಂಟಿವೈರಸ್ ನಿದ್ದೆ ಮಾಡುತ್ತಿರುತ್ತದೆ ಎಂದುಕೊಳ್ಳಬೇಡಿ. ಹೊಸ ವೈರಸ್ ಪಟ್ಟಿ ಅದಕ್ಕೆ ಸಿಗುವುದಿಲ್ಲ, ಅಷ್ಟೇ. ಕಡತಗಳ ಮೇಲೆ ಕೂರುವುದನ್ನು ಅದು ಬಿಡುವುದಿಲ್ಲ.

ಮೊದಲು ಡ್ರೈವರ್ ನೋಡೋಣ. ರಿಸ್ಟೋರ್ ಇಲ್ಲದೆಯೇ ಮುಗಿದರೆ ಒಳ್ಳೆಯದು. ವಿಂಡೋಸ್ ಕೀ ಮತ್ತು ಆರ್ ಒತ್ತಿ, ಪ್ರಿಂಟ್‌ಯುಐ ಎಂದು ಬರೆದು, ಜಾಗ ಬಿಟ್ಟು ಓರೆಗೆರೆ ಎಸ್, ಮತ್ತೆ ಜಾಗ ಬಿಟ್ಟು ಓರೆಗೆರೆ ಟಿ2 ಎಂದು ಕೊಡಿ (ಅಕ್ಷರಗಳು ಇಂಗ್ಲಿಷ್‌ನಲ್ಲಿ). ಪ್ರಿಂಟ್ ಸರ್ವರ್ ಪ್ರಾಪರ್ಟೀಸ್‌ನ ಡ್ರೈವರ್ಸ್ ಪುಟ ತೆರೆಯುತ್ತದೆ. ಹೊಸ ಪ್ರಿಂಟರಿನ ಹೆಸರು ಆರಿಸಿ ರಿಮೂವ್ ಒತ್ತಿ. ಡ್ರೈವರ್ ಮಾತ್ರ ಸಾಕೇ, ಪ್ಯಾಕೇಜ್ ಸಮೇತವೇ ಎಂದು ಕೇಳುತ್ತದೆ. ಪ್ಯಾಕೇಜ್ ಸಮೇತ ಎನ್ನಿ.

ಮೂಡಿಗೆರೆ ಲೆಕ್ಕದಾಕೆ:
ಮಾಡಿದೆ. ಆ ಡ್ರೈವರ್ ಬಳಕೆಯಲ್ಲಿದೆ, ತೆಗೆಯಲಾಗುವುದಿಲ್ಲ ಎಂದಿತು. ಮುದ್ರಣದ ಸರದಿ ನೋಡಿಕೊಳ್ಳುವ ಸ್ಪೂಲರ್ ಸೇವೆ ನಿಲ್ಲಿಸಿ ನೋಡೋಣ ಎಂದರೆ ಆಗ ಆ ಪುಟವೇ ಬರುವುದಿಲ್ಲ.

ಹಾಸನ ಸರ್ವಿಸ್ ಬೆಂಚ್:
ಹಾಗಾದರೆ ರಿಸ್ಟೋರ್ ದಾರಿಯೇ ಗತಿ. ಆದರೆ ವಿಂಡೋಸ್ ಒಳಗೆ ಕುಳಿತು ಬೇಡ. ಓಡುತ್ತಿರುವ ಪಲ್ಪರಿನ ಬೆಲ್ಟ್ ಬದಲಿಸಲು ಯಾರೂ ಕೈ ಹಾಕುವುದಿಲ್ಲ, ಯಂತ್ರ ನಿಲ್ಲಿಸಿಯೇ ಬದಲಿಸುತ್ತಾರೆ. ಇಲ್ಲೂ ಹಾಗೆಯೇ. ವಿಂಡೋಸ್‌ಗೆ ರಿಕವರಿ ಎನ್ವಿರಾನ್‌ಮೆಂಟ್ ಎಂಬ ಒಂದು ಪುಟ್ಟ ಬೇರೆ ವಿಂಡೋಸ್ ಇದೆ. ಸಾಮಾನ್ಯವಾಗಿ ಡಿಸ್ಕ್‌ನ ಪ್ರತ್ಯೇಕ ವಿಭಾಗದಲ್ಲಿ ಇರುತ್ತದೆ, ಮೆಮೊರಿಗೆ ಏರಿ ಅಲ್ಲಿಂದಲೇ ಓಡುತ್ತದೆ. ಅಲ್ಲಿಂದ ರಿಸ್ಟೋರ್ ಕೊಟ್ಟರೆ ನಿಮ್ಮ ಎರಡೂ ಆಂಟಿವೈರಸ್‌ಗಳು ಎದ್ದೇ ಇರುವುದಿಲ್ಲ, ಸ್ಪೂಲರ್ ಕೂಡ ಇರುವುದಿಲ್ಲ. ಹಿಡಿದುಕೊಳ್ಳುವವರೇ ಇಲ್ಲದ ಮೇಲೆ ಯಾರ ಅನುಮತಿ ಕೇಳಬೇಕು?

ಅದಕ್ಕೆ ಮುಂಚೆ ಎರಡು ಕೆಲಸ ಆಗಲೇಬೇಕು, ಈ ಹೊತ್ತೇ. ಒಂದು, ಟ್ಯಾಲಿಯ ಡೇಟಾ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ. ರಿಸ್ಟೋರ್ ನಿಮ್ಮ ದಾಖಲೆಗಳನ್ನು ಮುಟ್ಟುವುದಿಲ್ಲ, ಆದರೂ ಕೊಯ್ಲಿನ ಲೆಕ್ಕ ಇರುವ ಯಂತ್ರದಲ್ಲಿ ಧೈರ್ಯ ಪ್ರದರ್ಶನ ಬೇಡ. ಎರಡು, ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗವಾದ ಬಿಟ್‌ಲಾಕರ್‌ನ ಕೀ ಬರೆದಿಟ್ಟುಕೊಳ್ಳಿ.

ಮೂಡಿಗೆರೆ ಲೆಕ್ಕದಾಕೆ:
ನಾನು ಬಿಟ್‌ಲಾಕರ್ ಎಂದು ಯಾವುದನ್ನೂ ಹಾಕಿಲ್ಲ ಸರ್. ನನ್ನದು ಹೋಮ್ ಆವೃತ್ತಿ.

ಹಾಸನ ಸರ್ವಿಸ್ ಬೆಂಚ್:
ನೀವು ಹಾಕಬೇಕಾಗಿಲ್ಲ, ಅದೇ ಹಾಕಿಕೊಂಡಿರುತ್ತದೆ. ಹೋಮ್ ಆವೃತ್ತಿಯಲ್ಲಿ ಅದರ ಹೆಸರು ಡಿವೈಸ್ ಎನ್‌ಕ್ರಿಪ್ಷನ್. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಮೊದಲ ಸಲ ಲಾಗಿನ್ ಆದಾಗ ಸದ್ದಿಲ್ಲದೆ ಚಾಲೂ ಆಗುತ್ತದೆ, ಕೀ ಆ ಖಾತೆಗೆ ಹೋಗಿ ಸೇರುತ್ತದೆ. ನನ್ನ ಬೆಂಚಿಗೆ ಬರುವ ಯಂತ್ರಗಳಲ್ಲಿ ಜನ ಕಣ್ಣೀರು ಹಾಕುವುದು ಡಿಸ್ಕ್ ಕೆಟ್ಟಾಗ ಅಲ್ಲ, ಡಿಸ್ಕ್ ಚೆನ್ನಾಗಿದ್ದೂ ಕೀ ಇಲ್ಲದಾಗ. 48 ಅಂಕಿ, ಆರಾರರಂತೆ ಎಂಟು ಗುಂಪು. ಒಂದು ಅಂಕಿ ತಪ್ಪಿದರೂ ಒಳಗೆ ಬಿಡುವುದಿಲ್ಲ.

ವಿಂಡೋಸ್ ಇನ್ನೂ ಏಳುತ್ತಿರುವುದು ನಿಮ್ಮ ಪುಣ್ಯ. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಮ್ಯಾನೇಜ್ ಅಡ್ಡಗೆರೆ ಬಿಡಿಇ, ಅಡ್ಡಗೆರೆ ಪ್ರೊಟೆಕ್ಟರ್ಸ್, ಅಡ್ಡಗೆರೆ ಗೆಟ್, ಸಿ ಕೋಲನ್ ಎಂದು ಕೊಡಿ. ನ್ಯೂಮೆರಿಕಲ್ ಪಾಸ್‌ವರ್ಡ್ ಎಂಬ ತಲೆಬರಹದ ಕೆಳಗೆ ಕೀ ಬರುತ್ತದೆ. ಕಾಗದದ ಮೇಲೆ ಬರೆಯಿರಿ, ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಅದೇ ಲ್ಯಾಪ್‌ಟಾಪ್‌ನೊಳಗೆ ಮಾತ್ರ ಇಡಬೇಡಿ.

ಮೂಡಿಗೆರೆ ಲೆಕ್ಕದಾಕೆ:
ಬಂತು! ನಾನು ಕೇಳಿಯೇ ಇರದ ಕೀ ನನ್ನ ಯಂತ್ರದಲ್ಲಿ ಇಷ್ಟು ದಿನ ಇತ್ತು. ಇನ್ನೂ ಒಂದು ವಿಷಯ ಗೊತ್ತಾಯಿತು. ಈ ಲ್ಯಾಪ್‌ಟಾಪನ್ನು ಬೆಂಗಳೂರಿನಲ್ಲಿ ಕೊಂಡು, ಎಲ್ಲ ಸಿದ್ಧಪಡಿಸಿ ತಂದುಕೊಟ್ಟವನು ನಮ್ಮ ಅಕ್ಕನ ಮಗ. ಫೋನ್ ಮಾಡಿ ಕೇಳಿದರೆ ಅವನ ಖಾತೆಯಲ್ಲೇ ಈ ಯಂತ್ರದ ಕೀ ಇದೆ. ನಾನು ನನ್ನ ಖಾತೆಯಲ್ಲಿ ವರ್ಷವಿಡೀ ಹುಡುಕಿದ್ದರೂ ಸಿಗುತ್ತಿರಲಿಲ್ಲ.

ಬಾಳೆಹೊನ್ನೂರು ಜಡಿಮಳೆ:
ಅಕ್ಕಾ, ಇದನ್ನು ಓದಿ ನಾನೂ ಓಡಿಹೋಗಿ ನೋಡಿದೆ. ನಮ್ಮ ಮನೆಯ ಲ್ಯಾಪ್‌ಟಾಪ್‌ನ ಕೀ ಭಾವನ ಖಾತೆಯಲ್ಲಿದೆ. ಭಾವನಿಗೂ ನಮ್ಮ ತಂದೆಗೂ ಗದ್ದೆಯ ವಿಷಯಕ್ಕೆ ಮಾತಿಲ್ಲ. ಮಾತು ಬಿಡುವ ಮೊದಲು ಕೀ ತೆಗೆದುಕೊಳ್ಳಬೇಕಿತ್ತು.

ಒಂದು ಪ್ರಶ್ನೆ ಸರ್ವಿಸ್ ಸರ್. ಅರ್ಧ ರಿಸ್ಟೋರ್ ಆಗಿರುವಾಗ ಕರೆಂಟ್ ಹೋದರೆ? ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಮತ್ತೆ ಬೆಳಕು ಕಾಣುವುದು ಯಾವಾಗಲೋ.

ಹಾಸನ ಸರ್ವಿಸ್ ಬೆಂಚ್:
ಒಳ್ಳೆಯ ಪ್ರಶ್ನೆ. ರಿಸ್ಟೋರ್ ಶುರುವಾದ ಮೇಲೆ ಮಧ್ಯದಲ್ಲಿ ನಿಲ್ಲಿಸುವಂತಿಲ್ಲ, ವಿಂಡೋಸೇ ಎಚ್ಚರಿಸುತ್ತದೆ. ರಿಜಿಸ್ಟ್ರಿ ಅರ್ಧ ಹಳೆಯದು ಅರ್ಧ ಹೊಸದು ಆಗಿ ನಿಂತರೆ ಯಂತ್ರ ಏಳದೆಯೂ ಇರಬಹುದು. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿಸಿ, ಚಾರ್ಜರ್ ಹಾಕಿಯೇ ಕೂರಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಪರದೆಯಲ್ಲಿ ಒಂದೇ ಸಾಲು ಬಹಳ ಹೊತ್ತು ನಿಂತಿದ್ದರೆ ಸತ್ತುಹೋಯಿತು ಎಂದು ಪವರ್ ಗುಂಡಿ ಒತ್ತುವವರೇ ಹೆಚ್ಚು. ಡಿಸ್ಕ್ ದೀಪ ಮಿನುಗುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದೇ ಅರ್ಥ.

ಸಕಲೇಶಪುರ ಘಾಟಿ:
ರಿಕವರಿಗೆ ಹೋಗುವ ಮೊದಲು ವಿಂಡೋಸ್ ಅಪ್‌ಡೇಟ್ ಆಗಿದೆಯೇ ನೋಡಿಕೊಳ್ಳಿ ಮೇಡಂ. 2025ರ ಅಕ್ಟೋಬರ್ 14ರ ಅಪ್‌ಡೇಟ್ ಹಾಕಿದ ವಿಂಡೋಸ್ 11ರ ಯಂತ್ರಗಳಲ್ಲಿ ರಿಕವರಿ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡೂ ಕೆಲಸ ಮಾಡುತ್ತಿರಲಿಲ್ಲ. ವಿಂಡೋಸ್ ಒಳಗೆ ಸರಿಯಾಗಿಯೇ ಇರುತ್ತಿದ್ದವು, ರಿಕವರಿಗೆ ಹೋದರೆ ಕಲ್ಲು. ಅದೇ ತಿಂಗಳ 20ರಂದು ತುರ್ತು ತಿದ್ದುಪಡಿ ಬಿಟ್ಟರು.

ಹಾಸನ ಸರ್ವಿಸ್ ಬೆಂಚ್:
ಈ ಮಾತು ಮಾತ್ರ ಬಂಗಾರ ಘಾಟಿಯವರೇ. ಆ ವಾರ ಹಳೆಯ ದುಂಡು ಪಿನ್ನಿನ ಪಿಎಸ್2 ಕೀಬೋರ್ಡ್ ಇಟ್ಟುಕೊಂಡಿದ್ದವರು ರಾಜರಾಗಿದ್ದರು. ಗುಜರಿಗೆ ಹಾಕದೆ ಇಟ್ಟದ್ದಕ್ಕೆ ಸಾರ್ಥಕವಾಯಿತು.

ಮೇಡಂ, ಈಗ ಕ್ರಮ ಹೇಳುತ್ತೇನೆ. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ. ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸಿಸ್ಟಮ್ ರಿಸ್ಟೋರ್. ಅಲ್ಲಿ ಕೀ ಕೇಳಿದರೆ ಬರೆದಿಟ್ಟದ್ದನ್ನು ಕೊಡಿ. ಕೀ ಐಡಿಯ ಮೊದಲ ಎಂಟು ಅಕ್ಷರ ಪರದೆಯಲ್ಲಿ ತೋರಿಸುತ್ತದೆ, ನಿಮ್ಮ ಕಾಗದದ ಜೊತೆ ತಾಳೆ ನೋಡಿ. ‘ಈ ಡ್ರೈವ್ ಬಿಟ್ಟುಬಿಡಿ’ ಎಂಬ ಆಯ್ಕೆ ಒತ್ತಬೇಡಿ, ಒತ್ತಿದರೆ ರಿಸ್ಟೋರ್‌ಗೆ ನಿಮ್ಮ ವಿಂಡೋಸೇ ಕಾಣುವುದಿಲ್ಲ. ಇನ್ನೊಂದು: ಹೊರಗಿನಿಂದ ಮಾಡಿದ ರಿಸ್ಟೋರನ್ನು ಮತ್ತೆ ರದ್ದು ಮಾಡಲಾಗುವುದಿಲ್ಲ. ದಿನಾಂಕವನ್ನು ನೋಡಿಯೇ ಆರಿಸಿ.

ಕಡೂರು ಮೇಷ್ಟ್ರು:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ರಿಸ್ಟೋರ್ ಕೊಟ್ಟರೆ ನುಡಿಯಲ್ಲಿ ಬೆರಳಚ್ಚು ಮಾಡಿದ ಕಡತಗಳು ಹೋಗುತ್ತವೆಯೇ? ನಮ್ಮ ಶಾಲೆಯ ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ಅದರಲ್ಲಿವೆ.

ಹಾಸನ ಸರ್ವಿಸ್ ಬೆಂಚ್:
ಹೋಗುವುದಿಲ್ಲ ಮೇಷ್ಟ್ರೇ. ಆದರೆ ರಿಸ್ಟೋರ್ ಪಾಯಿಂಟ್‌ನ ದಿನಾಂಕದ ನಂತರ ನುಡಿ ತಂತ್ರಾಂಶ ಹಾಕಿದ್ದರೆ ಆ ತಂತ್ರಾಂಶ ಹೋಗುತ್ತದೆ. ಆಗ ಕಡತ ತೆರೆದರೆ ಅಕ್ಷರದ ಬದಲು ಚಿತ್ರವಿಚಿತ್ರ ಗುರುತುಗಳು ಕಾಣಬಹುದು. ಕಡತ ಕೆಟ್ಟಿತೆಂದು ಗಾಬರಿಯಾಗಿ ಅಳಿಸಬೇಡಿ. ನುಡಿ ಮತ್ತೆ ಹಾಕಿ, ಫಾಂಟ್ ಬಂದ ಕೂಡಲೇ ಬರಹ ಸರಿಯಾಗುತ್ತದೆ. ಯಾವ ತಂತ್ರಾಂಶ ಹೋಗುತ್ತದೆ ಎಂದು ಮೊದಲೇ ತಿಳಿಯಲು, ಪಾಯಿಂಟ್ ಆರಿಸುವ ಪುಟದಲ್ಲಿ ‘ಸ್ಕ್ಯಾನ್ ಫಾರ್ ಅಫೆಕ್ಟೆಡ್ ಪ್ರೋಗ್ರಾಮ್ಸ್’ ಎಂಬ ಗುಂಡಿ ಇದೆ. ಅದನ್ನು ಒತ್ತುವವರನ್ನು ನಾನು ಹೆಚ್ಚು ಕಂಡಿಲ್ಲ.

ಮೂಡಿಗೆರೆ ಲೆಕ್ಕದಾಕೆ:
ಸರ್, ಕೀ ಕೇಳಿತು, ಕೊಟ್ಟೆ, ಒಳಗೆ ಬಿಟ್ಟಿತು. ಆದರೆ ಸಿಸ್ಟಮ್ ರಿಸ್ಟೋರ್ ಒತ್ತುವ ಬದಲು ಕಮಾಂಡ್ ಪ್ರಾಂಪ್ಟ್ ತೆರೆದು ಆರ್‌ಎಸ್‌ಟಿಆರ್‌ಯುಐ ಎಂದು ಕೊಟ್ಟೆ, ಬೇರೊಂದು ಕಡೆ ಹಾಗೆ ಓದಿದ್ದೆ. ಯಾವ ವಿಂಡೋಸನ್ನು ರಿಸ್ಟೋರ್ ಮಾಡಬೇಕೆಂದು ನೀವೇ ಸೂಚಿಸಬೇಕು ಎಂದು ನಿಂತಿದೆ.

ಹಾಸನ ಸರ್ವಿಸ್ ಬೆಂಚ್:
ಆ ಪ್ರಾಂಪ್ಟ್ ನಿಂತಿರುವುದು ಎಕ್ಸ್ ಡ್ರೈವ್‌ನಲ್ಲಿ, ಅಂದರೆ ಆ ಪುಟ್ಟ ವಿಂಡೋಸ್‌ನ ನೆಲದಲ್ಲಿ. ನಿಮ್ಮ ವಿಂಡೋಸ್ ಎಲ್ಲಿದೆ ಎಂದು ಅದಕ್ಕೆ ತಿಳಿಯದು. ಅದೇ ಆಜ್ಞೆಯ ಮುಂದೆ ಓರೆಗೆರೆ ಆಫ್‌ಲೈನ್ ಕೋಲನ್, ವಿಂಡೋಸ್ ಫೋಲ್ಡರ್‌ನ ಪೂರ್ಣ ವಿಳಾಸ, ಸಮಚಿಹ್ನೆ, ಆ್ಯಕ್ಟಿವ್ ಎಂದು ಸೇರಿಸಿದರೆ ನಡೆಯುತ್ತದೆ. ವಿಳಾಸ ಕೊಡುವ ಮೊದಲು ಡಿಐಆರ್ ಕೊಟ್ಟು ನೋಡಿ, ರಿಕವರಿಯಲ್ಲಿ ನಿಮ್ಮ ಸಿ ಡ್ರೈವ್ ಡಿ ಆಗಿ ಕೂತಿರುವುದೂ ಉಂಟು. ಅಷ್ಟೆಲ್ಲ ಬೇಡವಾದರೆ ಪ್ರಾಂಪ್ಟ್ ಮುಚ್ಚಿ, ಮೆನುವಿನ ಸಿಸ್ಟಮ್ ರಿಸ್ಟೋರನ್ನೇ ಒತ್ತಿ. ಅಲ್ಲಿ ಈ ತಾಪತ್ರಯವಿಲ್ಲ.

ಅರಸೀಕೆರೆ ಕೊಬ್ಬರಿ:
ಇಷ್ಟು ಹೊತ್ತಿಗೆ ಫಾರ್ಮ್ಯಾಟ್ ಆಗಿ ಟ್ಯಾಲಿಯೂ ಬಂದಿರುತ್ತಿತ್ತು. ಅಥವಾ ರೀಸೆಟ್ ದಿಸ್ ಪಿಸಿ ಕೊಡಬಹುದಿತ್ತಲ್ಲ, ‘ನನ್ನ ಕಡತ ಉಳಿಸು’ ಎಂಬ ಆಯ್ಕೆಯೇ ಇದೆ.

ಹಾಸನ ಸರ್ವಿಸ್ ಬೆಂಚ್:
ಕೊಬ್ಬರಿಯವರೇ, ಅಂಗಡಿಗಳು ಫಾರ್ಮ್ಯಾಟ್ ಎನ್ನುವುದು ಏಕೆಂದು ನನಗೆ ಗೊತ್ತು, ನಾನೂ ಅದೇ ಕಸುಬಿನವನು. ಫಾರ್ಮ್ಯಾಟ್‌ಗೆ ಇಷ್ಟು ಹಣ ಎಂದು ನಿಗದಿ ಇದೆ, ಹುಡುಗ ಪೆನ್‌ಡ್ರೈವ್ ಚುಚ್ಚಿ ಊಟಕ್ಕೆ ಹೋಗಿ ಬರುತ್ತಾನೆ. ದೋಷ ಹುಡುಕಲು ಅರ್ಧ ದಿನ ಕೂತರೆ ಅದಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಅಂಗಡಿಗೆ ಲಾಭ ಇರುವ ದಾರಿ ಗಿರಾಕಿಗೂ ಲಾಭ ಎಂದು ನಾವು ನಾವೇ ಒಪ್ಪಿಕೊಂಡುಬಿಟ್ಟಿದ್ದೇವೆ.

‘ಕಡತ ಉಳಿಸು’ ಎಂದರೆ ಉಳಿಯುವುದು ನಿಮ್ಮ ಬಳಕೆದಾರ ಫೋಲ್ಡರ್‌ನೊಳಗಿನದು. ಹಾಕಿದ ತಂತ್ರಾಂಶಗಳೆಲ್ಲ ಹೋಗುತ್ತವೆ. ಸಿ ಡ್ರೈವ್‌ನ ನೇರ ಬೇರಿನಲ್ಲಿ ಟ್ಯಾಲಿ ಫೋಲ್ಡರ್ ಇಟ್ಟವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಅದು ಅಲ್ಲೇ ಇರುತ್ತದೆ ಎಂದು ನಂಬಿ ರೀಸೆಟ್ ಕೊಡಬಾರದು. ಕ್ಲೌಡ್ ಡೌನ್‌ಲೋಡ್ ಆರಿಸಿದರೆ ನಾಲ್ಕು ಜಿಬಿ ಮೇಲೆ ಇಳಿಸಬೇಕು. ಮೂಡಿಗೆರೆ ಆಚೆಯ ತೋಟದಲ್ಲಿ ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡು ಅದನ್ನು ಮಾಡಿ ನೋಡಿ.

ಮೂಡಿಗೆರೆ ಲೆಕ್ಕದಾಕೆ:
ಆಯಿತು! ಮೆನುವಿನಿಂದಲೇ ಕೊಟ್ಟೆ. ಕಾಫಿ ಕುಡಿದು, ಹಟ್ಟಿಯ ಕಡೆ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ರಿಸ್ಟೋರ್ ಯಶಸ್ವಿಯಾಗಿ ಮುಗಿದಿದೆ ಎಂಬ ಸಂದೇಶ ಇತ್ತು. ಟ್ಯಾಲಿ ಇದೆ, ನುಡಿ ಇದೆ, ಡೇಟಾ ಇದೆ. ಆ ಡ್ರೈವರ್ ಇಲ್ಲ. ಪ್ರಿಂಟರ್ ತಯಾರಕರ ಪುಟದಿಂದ ನನ್ನ ಮಾದರಿಯ ಡ್ರೈವರನ್ನೇ ಇಳಿಸಿ ಹಾಕಿದೆ, ಈ ವಾರದ ಬಟವಾಡೆ ಪಟ್ಟಿ ಹೊರಬಂತು. ಅಕ್ಷರಗಳು ಸ್ವಲ್ಪ ಮಸುಕಾಗಿವೆ, ಅದು ಟೋನರ್ ಜಗಳ, ಇಲ್ಲಿ ತರುವುದಿಲ್ಲ. ಸರ್ವಿಸ್ ಸರ್, ನಿಮಗೆ ಎಷ್ಟು ಧನ್ಯವಾದ ಹೇಳಲಿ?

ಹಾಸನ ಸರ್ವಿಸ್ ಬೆಂಚ್:
ಧನ್ಯವಾದ ಇರಲಿ, ಇನ್ನು ಸ್ವಲ್ಪ ಕೆಲಸ ಬಾಕಿ ಇದೆ. ಅವಧಿ ಮುಗಿದ ಆಂಟಿವೈರಸ್ ತೆಗೆದುಹಾಕಿ. ಅದರ ತಯಾರಕರೇ ಕೊಡುವ ತೆಗೆಯುವ ಸಾಧನ ಬಳಸಿ, ಸಾಮಾನ್ಯ ಅನ್‌ಇನ್‌ಸ್ಟಾಲ್ ಬಾಲ ಬಿಟ್ಟುಹೋಗುತ್ತದೆ. ಆಮೇಲೆ ಅಡ್ಮಿನಿಸ್ಟ್ರೇಟರ್ ಪ್ರಾಂಪ್ಟ್‌ನಲ್ಲಿ ಡಿಐಎಸ್‌ಎಂನ ರಿಸ್ಟೋರ್‌ಹೆಲ್ತ್ ಓಡಿಸಿ, ಅದು ಮುಗಿದ ಮೇಲೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ. ಈ ಅನುಕ್ರಮ ಮುಖ್ಯ. ಎಸ್‌ಎಫ್‌ಸಿ ಕೆಟ್ಟ ಕಡತವನ್ನು ಬದಲಿಸುವುದು ಯಂತ್ರದಲ್ಲಿರುವ ಉಗ್ರಾಣದಿಂದ, ಆ ಉಗ್ರಾಣವನ್ನು ರಿಪೇರಿ ಮಾಡುವುದು ಡಿಐಎಸ್‌ಎಂ.

ನಂತರ ಸಿಸ್ಟಮ್ ಪ್ರೊಟೆಕ್ಷನ್ ಪುಟದಲ್ಲಿ ಸಿ ಡ್ರೈವ್‌ಗೆ ಹತ್ತು ಜಿಬಿಯಷ್ಟಾದರೂ ಜಾಗ ಕೊಡಿ. ಜಾಗ ಸಾಲದಿದ್ದರೆ ಹೊಸ ಪಾಯಿಂಟ್ ಬಂದಾಗ ಹಳೆಯದು ಹೋಗುತ್ತದೆ. ಜಾಗ ಇದ್ದರೂ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ, 2025ರ ಜೂನ್ ಅಪ್‌ಡೇಟ್ ನಂತರ, ಪಾಯಿಂಟ್‌ಗಳನ್ನು ಹೆಚ್ಚೆಂದರೆ 60 ದಿನ ಇಟ್ಟುಕೊಳ್ಳುತ್ತದೆ. ಕೊಯ್ಲಿನಲ್ಲಿ ಮಾಡಿದ ಪಾಯಿಂಟ್ ಮುಂಗಾರಿಗೆ ಇರುವುದಿಲ್ಲ. ಹಾಗಾಗಿ ಹೊಸ ಡ್ರೈವರ್ ಹಾಕುವ ಮೊದಲು ಕ್ರಿಯೇಟ್ ಗುಂಡಿ ಒತ್ತಿ ಕೈಯಾರೆ ಒಂದು ಮಾಡಿಕೊಳ್ಳಿ. ಡೇಟಾ ಫೋಲ್ಡರನ್ನು ಬೇರೆ ಡಿಸ್ಕ್‌ಗೆ ನಕಲು ಮಾಡುವುದು ಇದರಿಂದ ತಪ್ಪುವುದಿಲ್ಲ. ರಿಸ್ಟೋರ್ ಪಾಯಿಂಟ್ ಇರುವುದು ಅದೇ ಡಿಸ್ಕ್‌ನಲ್ಲಿ, ಡಿಸ್ಕ್ ಹೋದರೆ ಎರಡೂ ಒಟ್ಟಿಗೆ ಹೋಗುತ್ತವೆ.

ಬಾಳೆಹೊನ್ನೂರು ಜಡಿಮಳೆ:
ಒಂದು ವೇಳೆ ವಿಂಡೋಸ್ ಏಳದೆ, ರಿಸ್ಟೋರ್ ಕೂಡ ಸೋತರೆ ಡೇಟಾ ಹೊರತೆಗೆಯುವುದು ಹೇಗೆ ಸರ್?

ಹಾಸನ ಸರ್ವಿಸ್ ಬೆಂಚ್:
ರಿಕವರಿಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ನೋಟ್‌ಪ್ಯಾಡ್ ಎಂದು ಕೊಡಿ, ತೆರೆಯುತ್ತದೆ. ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಕೆಳಗೆ ಎಲ್ಲ ಬಗೆಯ ಕಡತ ತೋರಿಸು ಎಂದು ಬದಲಿಸಿ. ಆ ಚಿಕ್ಕ ಕಿಟಕಿಯಲ್ಲೇ ಫೋಲ್ಡರ್ ಮೇಲೆ ಬಲಗುಂಡಿ ಒತ್ತಿ ಕಾಪಿ ಮಾಡಿ, ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್ ಮಾಡಬಹುದು. ಎಷ್ಟು ಆಗಿದೆ ಎಂದು ತೋರಿಸುವುದಿಲ್ಲ, ಕಾಯಬೇಕು. ಇಲ್ಲೂ ಕೀ ಬೇಕು, ಭಾವನ ಜೊತೆ ರಾಜಿ ಮಾಡಿಕೊಳ್ಳಿ.

ಕಡೂರು ಮೇಷ್ಟ್ರು:
ಶಾಲೆಯ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 10 ಇದೆ. 2024ರ ಜನವರಿಯ ಒಂದು ಅಪ್‌ಡೇಟ್ 80070643 ಎಂದು ವಿಫಲವಾಗುತ್ತಲೇ ಇತ್ತು. ಅದು ಈ ರಿಕವರಿಗೆ ಸಂಬಂಧಿಸಿದ್ದೇ?

ಹಾಸನ ಸರ್ವಿಸ್ ಬೆಂಚ್:
ಅದೇ ಮೇಷ್ಟ್ರೇ. ಆ ಅಪ್‌ಡೇಟ್ ಬಂದದ್ದು ರಿಕವರಿ ಎನ್ವಿರಾನ್‌ಮೆಂಟ್‌ನ ಒಂದು ಭದ್ರತಾ ಲೋಪ ಮುಚ್ಚಲು. ಅದಕ್ಕೆ ರಿಕವರಿ ವಿಭಾಗದಲ್ಲಿ 250 ಎಂಬಿ ಖಾಲಿ ಬೇಕಿತ್ತು, ಹಳೆಯ ಯಂತ್ರಗಳಲ್ಲಿ ಅಷ್ಟು ಇರಲಿಲ್ಲ. ರಿಕವರಿ ಆನ್ ಇದೆಯೇ ಎಂದು ತಿಳಿಯಲು ಪ್ರಾಂಪ್ಟ್‌ನಲ್ಲಿ ರೀಏಜೆಂಟ್‌ಸಿ ಓರೆಗೆರೆ ಇನ್ಫೋ ಕೊಟ್ಟು ನೋಡಿ. ಡಿಸೇಬಲ್ಡ್ ಎಂದು ಬಂದರೆ ಓರೆಗೆರೆ ಎನೇಬಲ್ ಕೊಡಿ. ಅದಕ್ಕೂ ಒಪ್ಪದಿದ್ದರೆ ಡಿಸ್ಕ್‌ಪಾರ್ಟ್ ಹಿಡಿದು ವಿಭಾಗ ಹಿಗ್ಗಿಸುವ ಸಾಹಸ ಬೇಡ, 8 ಜಿಬಿ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಇನ್‌ಸ್ಟಾಲೇಷನ್ ಮಾಡಿಟ್ಟುಕೊಳ್ಳಿ. ಅದರಿಂದ ಬೂಟ್ ಮಾಡಿ ‘ರಿಪೇರ್ ಯುವರ್ ಕಂಪ್ಯೂಟರ್’ ಒತ್ತಿದರೆ ಇದೇ ಮೆನು ಬರುತ್ತದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ ಎಂಬುದನ್ನೂ ಮುಖ್ಯೋಪಾಧ್ಯಾಯರ ಕಿವಿಗೆ ಹಾಕಿ.

ಅರಸೀಕೆರೆ ಕೊಬ್ಬರಿ:
ನಾನೂ ಆ ಮ್ಯಾನೇಜ್ ಬಿಡಿಇ ಆಜ್ಞೆ ಕೊಟ್ಟು ನೋಡಿದೆ, ಸುಮ್ಮನೆ ಕುತೂಹಲಕ್ಕೆ. ಪ್ರೊಟೆಕ್ಟರ್ ಯಾವುದೂ ಸಿಗಲಿಲ್ಲ ಎಂದಿತು. ಕೆಟ್ಟಿದೆಯೇ?

ಹಾಸನ ಸರ್ವಿಸ್ ಬೆಂಚ್:
ಕೆಟ್ಟಿಲ್ಲ. ನಿಮ್ಮ ಡಿಸ್ಕ್‌ಗೆ ಬೀಗವೇ ಬಿದ್ದಿಲ್ಲ, ಕೀ ಬೇಕಾಗಿಲ್ಲ. ಸಿಸ್ಟಮ್ ಪ್ರೊಟೆಕ್ಷನ್ ಪುಟದಲ್ಲಿ ಸಿ ಡ್ರೈವ್ ಮುಂದೆ ಏನಿದೆ ನೋಡಿ ಹೇಳಿ.

ಅರಸೀಕೆರೆ ಕೊಬ್ಬರಿ:
ಆಫ್.